ಊಟದ ಮೇಲಿನ ಪೀರಿಯಡ್: ಮಕ್ಕಳನ್ನ ಪಾಠದಲ್ಲಿ ಹಿಡಿದಿಡೋದು ಕಲಿತು ಬರೋ ವಿದ್ಯೆನಾ?

ಆಲೂರು ಟೀಚರ್ | ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೇಲಿ ಸಿ.ಬಿ.ಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಟೀಚರ್ ನಾನು. ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ.

ನನ್ನ ತೊಂದರೆ 9ನೇ ಕ್ಲಾಸು, ಬಿಸಿಯೂಟ ಆದ ತಕ್ಷಣದ ಪೀರಿಯಡ್ಡು. 38 ಮಕ್ಕಳು. ಗಲಾಟೆ ಮಾಡ್ತಾರೆ ಅಂದ್ಕೋಬೇಡಿ, ಗಲಾಟೆ ಮಾಡಿದ್ರೂ ಪರವಾಗಿಲ್ಲ ಅನ್ನಿಸಿಬಿಟ್ಟಿದೆ. ಸುಮ್ನೆ ಕೂತಿರ್ತಾರೆ. ಕಣ್ಣು ಬೋರ್ಡ್ ಮೇಲೆ, ಮನಸ್ಸು ಎಲ್ಲೋ. "ಅರ್ಥ ಆಯ್ತಾ?" ಅಂದ್ರೆ ಒಂದೇ ರಾಗದಲ್ಲಿ "ಆಯ್ತೂ ಮಿಸ್". ಮಾರನೇ ದಿನ ಕೇಳಿದ್ರೆ ಒಬ್ಬರಿಗೂ ಒಂದಕ್ಷರ ಬರಲ್ಲ. ಸ್ಮಾರ್ಟ್ ಟಿವೀಲಿ ವಿಡಿಯೋ ಹಾಕಿ ನೋಡಿದೆ. ಮೊದಲ್ನೇ ದಿನ ಬಾಯಿ ಬಿಟ್ಕೊಂಡು ನೋಡಿದ್ರು, ಮೂರನೇ ದಿನಕ್ಕೆ ಲೈಟ್ ಆರಿಸಿದ್ದೇ ನಿದ್ದೆಗೆ ಅನುಕೂಲ ಆಯ್ತು.

ಪಕ್ಕದ ಕ್ಲಾಸಲ್ಲಿ ನಮ್ಮ ಸಮಾಜ ವಿಜ್ಞಾನ ಸರ್ ಪಾಠ ಮಾಡ್ತಿದ್ರೆ ನನ್ನ ಮಕ್ಕಳೇ ಆ ಕಡೆ ಕಿವಿ ಕೊಟ್ಟಿರ್ತಾರೆ. ಅವರನ್ನ ಕೇಳಿದ್ರೆ "ಅದೆಲ್ಲ ಹುಟ್ಟುತ್ತಲೇ ಬರಬೇಕು ಮೇಡಂ" ಅಂತ ನಗ್ತಾರೆ. ನಿಜಾನಾ? ಹುಟ್ಟುತ್ತಾ ಬರದಿದ್ದವರು ಏನ್ ಮಾಡ್ಬೇಕು?

ಗಣಿತದ ಗಿರಾಕಿ | ಭಾನುವಾರ, ರಾತ್ರಿ 9:32

ಸಕಲೇಶಪುರ ಕಡೆಯಿಂದ. "ಅರ್ಥ ಆಯ್ತಾ" ಅಂತ ಕೇಳೋದನ್ನ ಮೊದಲು ಬಿಡಿ ಮೇಡಂ. ಅದು ಪ್ರಶ್ನೆನೇ ಅಲ್ಲ. ನೆಂಟರ ಮನೇಲಿ "ಇನ್ನೊಂದ್ ಸ್ವಲ್ಪ ಬಡಿಸ್ಲಾ" ಅಂದಾಗ "ಸಾಕು ಸಾಕು" ಅಂತೀವಲ್ಲ, ಆ ಥರದ ಮರ್ಯಾದೆ ಮಾತು ಅದು.

ಕೊನೇ ಬೆಂಚು | ಭಾನುವಾರ, ರಾತ್ರಿ 9:41

ನಾನು ಟೀಚರ್ ಅಲ್ಲ, ಹಾಸನದಲ್ಲಿ ಡಿಪ್ಲೊಮಾ ಮಾಡ್ತಿದೀನಿ. "ಆಯ್ತೂ ಮಿಸ್" ಅಂತ ಹತ್ತು ವರ್ಷ ಕೂಗಿದ ಅನುಭವ ಇದೆ 😀 ಆಯ್ತು ಅಂದ್ರೆ ಮುಂದಕ್ಕೆ ಹೋಗ್ತಾರೆ, ಇಲ್ಲ ಅಂದ್ರೆ "ಏನು ಅರ್ಥ ಆಗ್ಲಿಲ್ಲ ಹೇಳು" ಅಂತ ಎಬ್ಬಿಸಿ ನಿಲ್ಲಿಸ್ತಾರೆ. ಏನು ಅರ್ಥ ಆಗಿಲ್ಲ ಅಂತ ಹೇಳೋಕೆ ಬರೋದಾದ್ರೆ ಅರ್ಧ ಅರ್ಥ ಆದಂಗೇ ಅಲ್ವಾ. ಅದಕ್ಕೇ ಎಲ್ರೂ ಆಯ್ತು ಅನ್ನೋದು.

ಸಂಪನ್ಮೂಲ ವ್ಯಕ್ತಿ | ಭಾನುವಾರ, ರಾತ್ರಿ 10:05

ಮೇಡಂ, ಇದಕ್ಕೆ ವೈಜ್ಞಾನಿಕ ಉತ್ತರ ಇದೆ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ. ಆದ್ದರಿಂದ ಚಟುವಟಿಕೆ, ಚಟುವಟಿಕೆ, ಚಟುವಟಿಕೆ. ತರಬೇತಿಯಲ್ಲಿ ನಾವು ಇದನ್ನೇ ಹೇಳುವುದು.

ಗಣಿತದ ಗಿರಾಕಿ | ಭಾನುವಾರ, ರಾತ್ರಿ 10:14

ಸರ್, ಬೇಜಾರ್ ಮಾಡ್ಕೋಬೇಡಿ. ಆ ಲೆಕ್ಕಕ್ಕೆ ಬುಡ ಇಲ್ಲ. ಎಡ್ಗರ್ ಡೇಲ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞರು 1946ರಲ್ಲಿ "ಅನುಭವದ ಶಂಕು" ಅಂತ ಒಂದು ಚಿತ್ರ ಬರೆದ್ರು. ಅದರಲ್ಲಿ ಶೇಕಡಾವಾರು ಲೆಕ್ಕವೇ ಇರ್ಲಿಲ್ಲ. ಆಮೇಲೆ ಯಾರ್ಯಾರೋ ಅಂಕಿ ಅಂಟಿಸಿ ಹಂಚಿದ್ರು. ಎಲ್ಲ ಅಂಕಿನೂ ಸೊನ್ನೇಲಿ ಮುಗಿಯೋದು ನೋಡಿದ್ರೇ ಗೊತ್ತಾಗಲ್ವಾ? ಯಾವ ಪರೀಕ್ಷೇಲಿ ಮಕ್ಕಳು ಅಷ್ಟು ನೀಟಾಗಿ ಮಾರ್ಕ್ಸ್ ತಗೋತಾರೆ?

ಸಂಪನ್ಮೂಲ ವ್ಯಕ್ತಿ | ಭಾನುವಾರ, ರಾತ್ರಿ 10:20

ಅಂಕಿ ಬಿಡಿ. ತಾತ್ಪರ್ಯ ಸರಿ ಇದೆಯಲ್ಲ.

ಗಣಿತದ ಗಿರಾಕಿ | ಭಾನುವಾರ, ರಾತ್ರಿ 10:22

ತಾತ್ಪರ್ಯನೂ ಪೂರ್ತಿ ಸರಿ ಇಲ್ಲ ಸರ್. ಕೈಯಲ್ಲಿ ಕತ್ತರಿ, ಗೋಂದು, ಬಣ್ಣದ ಕಾಗದ ಕೊಟ್ಟು ನಲವತ್ತು ನಿಮಿಷ ಕೂರಿಸಿದ್ರೆ ಮಕ್ಕಳು ಖುಷಿಯಾಗೇ ಇರ್ತಾರೆ. ತ್ರಿಕೋನದ ಬಗ್ಗೆ ಯೋಚನೆ ಮಾಡಿದ್ರಾ, ಬರೀ ಗೋಂದಿನ ಬಗ್ಗೆ ಯೋಚನೆ ಮಾಡಿದ್ರಾ ಅನ್ನೋದು ಬೇರೆ ಮಾತು. ನಾನೇ ಎರಡು ವರ್ಷ ಗೋಂದಿನ ಪಾಠ ಮಾಡಿದೀನಿ, ಅದಕ್ಕೇ ಹೇಳ್ತಿದೀನಿ.

ಕೆಲಸಕ್ಕೆ ಬಂದಿದ್ದು ಒಂದು ಹೇಳ್ತೀನಿ. ನಮ್ಮೂರ ಮಂಜರಾಬಾದ್ ಕೋಟೆ ನೋಡಿದೀರಲ್ಲ, 1792ರ ಹೊತ್ತಿಗೆ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆ ನಕ್ಷತ್ರದ ಆಕಾರ. ನಮ್ಮ ಮಕ್ಕಳೆಲ್ಲ ಹತ್ತು ಸಲ ಹತ್ತಿ ಇಳಿದಿರ್ತಾರೆ. ಕೋನಗಳ ಪಾಠದ ದಿನ ಪುಸ್ತಕ ತೆಗೆಸಲಿಲ್ಲ. "ದುಂಡಗೆ ಕಟ್ಟಿದ್ರೆ ಕಲ್ಲೂ ಕಮ್ಮಿ, ಕೆಲಸಾನೂ ಕಮ್ಮಿ. ಯಾಕ್ ಹಿಂಗ್ ಮೂಲೆ ಮೂಲೆ ಮಾಡಿದ್ರು?" ಅಂತ ಕೇಳಿ ಸುಮ್ಮನಾದೆ. "ಚೆಂದ ಕಾಣ್ಲಿ ಅಂತ" ಅಂದ ಒಬ್ಬ. "ಮೇಲಿಂದ ನೋಡಿದ್ರೆ ತಾನೇ ಚೆಂದ, ಆಗ ಡ್ರೋನ್ ಇತ್ತಾ?" ಅಂತ ಇನ್ನೊಬ್ಬ ಅವನಿಗೇ ಗಂಟುಬಿದ್ದ. ಮೈದಾನಕ್ಕೆ ಕರ್ಕೊಂಡು ಹೋಗಿ ಸುಣ್ಣದ ಪುಡೀಲಿ ಒಂದು ವೃತ್ತ, ಒಂದು ನಕ್ಷತ್ರ ಎಳೆದ್ವಿ. ಗೋಡೆ ಮೇಲೆ ನಾಲ್ಕು ಜನ ಕಾವಲು. ದಾರ ಹಿಡಿದು ನೇರಕ್ಕೆ ಎಳೆಯೋದು, ದಾರ ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೆ ಕಣ್ಣಿಗೆ ಕಾಣುತ್ತೆ ಅಂತ ಲೆಕ್ಕ. ದುಂಡನೇ ಗೋಡೆಗೆ ಬೆನ್ನು ಅಂಟಿಸಿ ನಿಂತ ಹುಡುಗ ಯಾರ ದಾರಕ್ಕೂ ಸಿಗಲಿಲ್ಲ. ನಕ್ಷತ್ರದಲ್ಲಿ ಎಲ್ಲಿ ಅವಿತ್ರೂ ಪಕ್ಕದ ಮೂಲೆಯವನ ದಾರಕ್ಕೆ ಸಿಕ್ಕಿಬೀಳ್ತಿದ್ದ. ಅದಾದ್ಮೇಲೆ "ಮೂಲೆ ಎಷ್ಟು ಚೂಪಾಗಿರ್ಬೇಕು ಸಾರ್?" ಅಂತ ಅವರೇ ಕೇಳಿದ್ರು. ಕೋನಮಾಪಕ ಅಂತ ನಾನು ಬಾಯಿ ಬಿಡೋ ಮೊದ್ಲೇ ಒಬ್ಬಳು ಬ್ಯಾಗಿಂದ ತೆಗೆದಿದ್ಲು.

ದಾರ, ಸುಣ್ಣ ಬಿಡಿ, ಅವಿಲ್ಲದೇನೂ ಆಗ್ತಿತ್ತು. ಉತ್ತರ ನನ್ನ ಹತ್ರ ಇದ್ರೂ ನಾನು ಕೊಡಲಿಲ್ಲ, ಅಷ್ಟೇ ಅಲ್ಲಿ ಆಗಿದ್ದು.

ಪೋಷಕ, ಹಾಸನ | ಭಾನುವಾರ, ರಾತ್ರಿ 10:40

ಕೇಳೋಕೆ ಚೆನ್ನಾಗಿದೆ. ಆದ್ರೆ ಒಂದು ಕೋನದ ಪಾಠಕ್ಕೆ ಒಂದು ದಿನ ಹೋದ್ರೆ ಪೋರ್ಷನ್ ಮುಗಿಸೋದು ಯಾವಾಗ? 2019ರಲ್ಲಿ ಎಸ್ಸೆಸ್ಸೆಲ್ಸೀಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಫಸ್ಟ್ ಬಂತು. ಅದು ಕೋಟೆ ಆಟ ಆಡಿ ಬಂದಿದ್ದಲ್ಲ, ಬೆಳಿಗ್ಗೆ ಸಂಜೆ ವಿಶೇಷ ತರಗತಿ ತಗೊಂಡು ಬಂದಿದ್ದು. ನನ್ನ ಮಗಳು ಹತ್ತನೇ ಕ್ಲಾಸು. ಟೀಚರ್ ನಗಿಸಲಿ ಬಿಡಲಿ, ಕೀ ಉತ್ತರ ಬರೆಸಲಿ ಅನ್ನೋದು ನಮ್ಮ ಮನೆ ಸ್ಥಿತಿ.

ನಿವೃತ್ತ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:15

ನಿಮ್ಮ ಆತಂಕ ಸುಳ್ಳಲ್ಲ ಸ್ವಾಮಿ. ನಾನೂ ಅರಕಲಗೂಡು ಸೀಮೇಲಿ 34 ವರ್ಷ ಪೋರ್ಷನ್ ಹಿಂದೆ ಓಡಿದವನೇ. ಆದ್ರೆ ಮೇಡಂ ಕೇಳಿದ್ದು 9ನೇ ಕ್ಲಾಸಿನ ಬಗ್ಗೆ. ಅಲ್ಲಿ ತಲೆಗೆ ಹೋಗದೆ ಇದ್ದಿದ್ದನ್ನ ಮುಂದಿನ ವರ್ಷ ಬೆಳಿಗ್ಗೆ ಸಂಜೆ ವಿಶೇಷ ತರಗತೀಲಿ ತುಂಬಿಸ್ತಾ ಕೂರ್ತೀವಿ. ಅದೂ ಟೈಮೇ ಅಲ್ವಾ?

ಆಲೂರು ಟೀಚರಮ್ಮ, "ಹುಟ್ಟುತ್ತಲೇ ಬರಬೇಕು" ಅನ್ನೋ ಮಾತನ್ನ ನಂಬ್ಬೇಡಿ. ಹರಿಕಥೆ ದಾಸರೂ ಹುಟ್ಟುತ್ತಾ ಚಿಟಿಕೆ ಹಿಡ್ಕೊಂಡು ಬರಲ್ಲ. ಗುರುಗಳ ಹಿಂದೆ ಊರೂರು ತಿರುಗಿ, ಜನ ಎಲ್ಲಿ ಆಕಳಿಸ್ತಾರೆ, ಎಲ್ಲಿ ಮುಂದಕ್ಕೆ ಬಾಗ್ತಾರೆ ಅಂತ ನೋಡಿ ನೋಡಿ ಕಲೀತಾರೆ. ನಾವು ಬಿ.ಎಡ್ ಮಾಡುವಾಗ ಸೂಕ್ಷ್ಮ ಬೋಧನೆ ಅಂತ ಮಾಡಿದ್ವಿ, ಜ್ಞಾಪಕ ಇದೆಯಾ? 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು ಅದು. ಒಂದೇ ಕೌಶಲ, ಐದಾರು ನಿಮಿಷ, ಹತ್ತು ಜನ ಕೇಳುಗರು, ಮುಗಿದ ಮೇಲೆ ತಪ್ಪು ಹೇಳೋದು, ಮತ್ತೆ ಅದೇ ಪಾಠ. ನಾವು ರೆಕಾರ್ಡ್ ಪುಸ್ತಕಕ್ಕೆ ಬೈಂಡ್ ಹಾಕ್ಸಿ ಸಹಿ ಮಾಡ್ಸಿ ಅಟ್ಟಕ್ಕೆ ಹಾಕಿಬಿಟ್ವಿ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಕ್ಲಾಸಲ್ಲಿ ಯಾರಾದ್ರೂ ಕೂತ್ರೆ ಅದು ತಪಾಸಣೆಗೇ. ಡಾಕ್ಟ್ರು ಇನ್ನೊಬ್ಬ ಡಾಕ್ಟ್ರು ಆಪರೇಷನ್ ಮಾಡೋದನ್ನ ನೋಡ್ತಾರೆ, ಗಾರೆ ಕೆಲಸದವನೂ ಪಕ್ಕದವನ ಕರಣೆ ನೋಡ್ತಾನೆ. ಮೇಷ್ಟ್ರು ಮಾತ್ರ ಬಾಗಿಲು ಹಾಕ್ಕೊಂಡು ಒಬ್ಬರೇ.

ಜಪಾನಿನಲ್ಲಿ ನೂರು ವರ್ಷಕ್ಕೂ ಮೇಲಿಂದ ಒಂದು ಪದ್ಧತಿ ಇದೆ. ನಾಲ್ಕೈದು ಜನ ಮೇಷ್ಟ್ರು ಸೇರಿ ಒಂದು ಪಾಠ ಯೋಜನೆ ಮಾಡ್ತಾರೆ, ಒಬ್ಬರು ಪಾಠ ಮಾಡ್ತಾರೆ, ಉಳಿದವರು ಕ್ಲಾಸಲ್ಲಿ ನಿಂತು ಮಕ್ಕಳ ಮುಖ ನೋಡ್ತಾರೆ. ಗಮನಿಸಿ, ಪಾಠ ಮಾಡೋರ ಮುಖ ಅಲ್ಲ. ಹಂಗಾಗಿ ನಿಮ್ಮ ಸಮಾಜ ವಿಜ್ಞಾನದ ಸರ್ ನಗ್ತಾ ಇರ್ಲಿ, ನೀವು ಬಿಡುವಿನ ಪೀರಿಯಡ್‌ನಲ್ಲಿ ಅವರ ಕ್ಲಾಸಿನ ಹಿಂದುಗಡೆ ಹೋಗಿ ಕೂತ್ಕೊಳ್ಳಿ. ಮೂರು ಮಕ್ಕಳನ್ನ ಆರಿಸ್ಕೊಂಡು ಅವರನ್ನೇ ನೋಡಿ. ಯಾವಾಗ ಪೆನ್ನು ಕಚ್ಚೋದು ನಿಲ್ಸಿದ್ರು ಅಂತ ಬರೆದಿಟ್ಕೊಳ್ಳಿ.

ಇನ್ನೊಂದು. ನಿಮ್ಮ ಮೊಬೈಲಲ್ಲಿ ನಿಮ್ಮದೇ ಒಂದು ಪಾಠ ರೆಕಾರ್ಡ್ ಮಾಡಿ ಮನೇಲಿ ಕೇಳಿ. ಬೇರೆ ಯಾರಿಗೂ ಕೇಳಿಸ್ಬೇಡಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರ್ತೀರಿ ಅಂತ ಎಣಿಸಿ.

ಮಳೆ ಮೇಡಂ | ಸೋಮವಾರ, ಬೆಳಿಗ್ಗೆ 7:50

ಮೇಷ್ಟ್ರೇ, ರೆಕಾರ್ಡ್ ಮಾಡೋ ಭಾಗ್ಯ ನಮಗಿಲ್ಲ ಮಾರಾಯ್ರೆ. ಜುಲೈ ತಿಂಗಳಲ್ಲಿ ಘಟ್ಟದ ಕಡೆ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ್ರೆ ಮಳೆ ಒಂದೇ ಕೇಳೋದು. ಮೊದಲೆಲ್ಲ ಕಿರಿಚಿ ಕಿರಿಚಿ ಸಂಜೆ ಹೊತ್ತಿಗೆ ಗಂಟಲು ಕಟ್ಟಿ ಹೋಗ್ತಿತ್ತು. ಒಂದಿನ ಸಿಟ್ಟು ಬಂದು ಬೋರ್ಡಲ್ಲಿ ಬರೆದೆ: "ಇವತ್ತು ಯಾರೂ ಮಾತಾಡಂಗಿಲ್ಲ. ನಾನೂ." ಆಮೇಲೆ 4 × 6 = 26 ಅಂತ ಬರೆದು ಚಾಕ್‌ಪೀಸು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತೆ. ಸ್ವಲ್ಪ ಹೊತ್ತು ಎಲ್ರೂ ಮುಖ ಮುಖ ನೋಡ್ಕೊಂಡ್ರು. ಒಬ್ಬಳು ಮೆತ್ತಗೆ ಬಂದು 26ನ್ನ ಒರೆಸಿ 24 ಬರೆದ್ಲು. ನಾನು ಮುಖದಲ್ಲಿ ಏನೂ ತೋರಿಸದೆ ಅವಳದ್ದನ್ನೂ ಒರೆಸಿ ಮತ್ತೆ 26 ಬರೆದೆ! ಸಿಟ್ಟು ಬಂತು ನೋಡಿ ಅವಳಿಗೆ. ಓಡಿಹೋಗಿ ಹುಣಸೆಬೀಜದ ಡಬ್ಬ ತಂದು ನಾಲ್ಕು ಸಾಲಲ್ಲಿ ಆರಾರು ಜೋಡಿಸಿ ನನ್ನ ಕೈ ಹಿಡಿದು ಎಳೆದು ತೋರಿಸಿದ್ಲು. ಇಡೀ ಕ್ಲಾಸು ಸುತ್ತ ನೆರೆದಿತ್ತು. ಹೊರಗೆ ಮಳೆ ಹೊಯ್ತಾನೇ ಇತ್ತು.

ಈಗ ಜೋರು ಮಳೆ ಬಂದ್ರೆ ಮಕ್ಕಳೇ "ಮಾತಿಲ್ಲದ ಪಾಠ ಮಾಡ್ವಾ ಮೇಡಂ?" ಅಂತಾರೆ.

ಕೊನೇ ಬೆಂಚು | ಸೋಮವಾರ, ಬೆಳಿಗ್ಗೆ 8:02

26 ಅಂತ ಎರಡನೇ ಸಲ ಬರೆದ್ರಲ್ಲ ಮೇಡಂ, ಅದು ಮಾಸ್ಟರ್ ಪೀಸು 🙏

ಸಂಪನ್ಮೂಲ ವ್ಯಕ್ತಿ | ಸೋಮವಾರ, ಬೆಳಿಗ್ಗೆ 9:30

ಮೇಡಂ ಮಾಡಿದ್ದು ಸರಿ. ಆದರೆ ಕೆಲವು ಮಕ್ಕಳು ಬೋರ್ಡಿನ ತಪ್ಪನ್ನೇ ಮನಸ್ಸಿಗೆ ತಗೊಂಡು ಹೋಗುವ ಅಪಾಯ ಇದೆ. ಕೊನೆಗೆ ಸರಿ ಉತ್ತರವನ್ನು ಎಲ್ಲರ ಕೈಯಲ್ಲೂ ಬರೆಸಿಯೇ ಬಿಡಬೇಕು. ಇದನ್ನು ತರಬೇತಿ ಅಂತ ಅಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಲಿಕಲಿ (ಪ್ರಾಥಮಿಕ ಶಾಲೆಯ ಚಟುವಟಿಕೆ ಆಧಾರಿತ ಕಲಿಕೆ) 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಮೇಲಿನ ಮೊದಮೊದಲ ಬ್ಯಾಚುಗಳನ್ನು ನೋಡಿದವನು ನಾನು. ಆ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು ಕಾರ್ಡು, ಬಣ್ಣ, ಹಾಡು ಅಲ್ಲ. ತಟ್ಟೆಗಳು, ಅಂದರೆ ಮಕ್ಕಳನ್ನು ಕೂರಿಸುವ ಗುಂಪುಗಳು. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದು ತಟ್ಟೆ, ಸಹಪಾಠಿಯ ಸಹಾಯ ಸಾಕಾದವರು ಇನ್ನೊಂದು, ಸ್ವಂತ ಕಲಿಯುವವರು ಮತ್ತೊಂದು. ಯಾರ ಕಲಿಕೆ ಎಲ್ಲಿ ನಿಂತಿದೆ ಅಂತ ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಪ್ರೌಢಶಾಲೆಗೆ ಬರುವಾಗ 38 ಮಕ್ಕಳಿಗೂ ಒಂದೇ ತಟ್ಟೆ.

ಗಣಿತದ ಗಿರಾಕಿ | ಸೋಮವಾರ, ಬೆಳಿಗ್ಗೆ 9:44

ಇದು ಒಳ್ಳೇ ಮಾತು ಸರ್. ನಿನ್ನೆದಕ್ಕೆ ಕ್ಷಮೆ ಇರಲಿ. (ಅಂಕಿ ವಿಷಯ ಹಿಂದಕ್ಕೆ ತಗೊಳ್ಳಲ್ಲ.)

ಮೂಡಿಗೆರೆ ಕನ್ನಡ | ಸೋಮವಾರ, ಸಂಜೆ 6:20

ತಡವಾಗಿ ನೋಡಿದೆ. ಆನೆ ಬಂದಿದೆ ಅಂತ ಮಧ್ಯಾಹ್ನವೇ ಮಕ್ಕಳನ್ನ ಗುಂಪು ಮಾಡಿ ಮನೆಗೆ ಕಳಿಸೋ ಗಡಿಬಿಡಿ ಇತ್ತು.

ನಾನು ಹೇಳ್ಬೇಕು ಅಂದ್ಕೊಂಡಿದ್ದು ಸುಮ್ಮನಿರೋ ಮಕ್ಕಳ ಬಗ್ಗೆ. ನಮ್ಮಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರೋ ಮಕ್ಕಳು ಜಾಸ್ತಿ. ಮನೇಲಿ ತಮಿಳು ಮಾತಾಡೋರು, ಈಗೀಗ ಅಸ್ಸಾಂ ಕಡೆಯವರೂ ಇದ್ದಾರೆ. 8ನೇ ಕ್ಲಾಸಲ್ಲಿ ಒಬ್ಬ ತಮಿಳು ಹುಡುಗಿ, ಜೂನಿಂದ ಅಕ್ಟೋಬರ್‌ವರೆಗೆ ನನ್ನ ಪೀರಿಯಡ್‌ನಲ್ಲಿ ಬಾಯಿ ಬಿಟ್ಟಿರ್ಲಿಲ್ಲ. ಕನ್ನಡ ಬರಲ್ಲ ಪಾಪ, ಅಂತ ನಾನೂ ಬಿಟ್ಟಿದ್ದೆ.

ಒಂದಿನ ಹಲ್ಮಿಡಿ ಶಾಸನದ ಮಾತು ಬಂತು. ಬೇಲೂರು ತಾಲ್ಲೂಕು, ನಮಗೆ ದೂರ ಏನಲ್ಲ. ಕ್ರಿ.ಶ. 450ರ ಸುಮಾರಿನದು, ಹದಿನಾರು ಸಾಲು ಅಂತ ಹೇಳಿ ಮುಗಿಸಿದ್ರೆ ಎರಡು ಅಂಕದ ಪ್ರಶ್ನೆ. ಅವತ್ತು ಯಾಕೋ ಅದರಲ್ಲಿರೋ ಊರ ಹೆಸರನ್ನ ಇದ್ದಂಗೇ ಬೋರ್ಡಲ್ಲಿ ಬರೆದೆ: ಪಲ್ಮಡಿ. "ಈಗ ಇದು ಯಾವ ಊರು?" ಅಂದೆ. ಹಲ್ಮಿಡಿ ಅಂತ ಕಂಡುಹಿಡಿದ್ರು. "ಹಂಗಾದ್ರೆ ಆಗ ಹಲ್ಲಿಗೆ ಏನಂತಿದ್ರು?" ಸ್ವಲ್ಪ ಹೊತ್ತು ಯಾರೂ ಇಲ್ಲ. ಆಮೇಲೆ ಕಿಟಕಿ ಪಕ್ಕದಿಂದ ಸಣ್ಣ ದನಿ, "ಪಲ್". ಅದೇ ಹುಡುಗಿ.

"ಹಾಲಿಗೆ?" "ಪಾಲ್." "ಹುಲಿಗೆ?" "ಪುಲಿ." "ಹೂವಿಗೆ?" "ಪೂ." ನಾನು ಹಳಗನ್ನಡ ಕೇಳ್ತಿದ್ದೆ, ಅವಳು ಅವ್ವನ ಭಾಷೇಲಿ ಉತ್ತರ ಹೇಳ್ತಿದ್ಲು. ಎರಡೂ ಒಂದೇ ಕಡೆ ಬಂದು ನಿಲ್ತಿತ್ತು. ನಮ್ಮ ಪಕಾರ ಹಕಾರ ಆಯ್ತು, ಅವರ ಮನೇಲಿ ಹಾಗೇ ಉಳೀತು. ಮಿಕ್ಕ ಮಕ್ಕಳು ಅವಳ ಬೆಂಚಿಗೆ ತಿರುಗಿ ಕೂತು "ಹಂದಿಗೆ ಏನೇ? ಹಾವಿಗೆ ಏನೇ?" ಅಂತ ಶುರು ಮಾಡಿದ್ರು. ಹಂದಿ ಪನ್ರಿ, ಹಾವು ಪಾಂಬು. ಬೆಲ್ ಹೊಡೆದ್ರೂ ಬಿಡ್ಲಿಲ್ಲ.

ನನ್ನ ಪಾಠ ಚೆನ್ನಾಗಿತ್ತು ಅಂತ ಹೇಳ್ಕೊಳ್ಳೋಕೆ ಇದನ್ನ ಬರೀತಿಲ್ಲ. ಐದು ತಿಂಗಳು ಆ ಹುಡುಗಿಗೆ ಗೊತ್ತಿರೋದನ್ನ ನಾನು ಒಂದ್ ಸಲವೂ ಕೇಳಿರ್ಲಿಲ್ಲ ಅನ್ನೋದು ಈಗಲೂ ಚುಚ್ಚುತ್ತೆ. ಆಲೂರು ಟೀಚರ್, ನಿಮ್ಮ 38 ಜನಕ್ಕೆ ಏನೇನು ಗೊತ್ತು ಅಂತ ನಿಮಗೆ ಗೊತ್ತಾ?

ಪೋಷಕ, ಹಾಸನ | ಸೋಮವಾರ, ರಾತ್ರಿ 8:15

ಇದನ್ನ ಮಗಳಿಗೆ ಓದಿ ಹೇಳಿದೆ. "ನಮ್ಮ ಕ್ಲಾಸಲ್ಲಿ ಹಿಂಗ್ ಯಾವತ್ತೂ ಆಗಿಲ್ಲ ಪಪ್ಪಾ" ಅಂದ್ಲು. ಪೋರ್ಷನ್ ಮಾತು ನಾನು ಬಿಡಲ್ಲ. ಆದ್ರೆ ಓದ್ತಿದೀನಿ, ಮುಂದುವರಿಸಿ.

ಆಲೂರು ಟೀಚರ್ | ಬುಧವಾರ, ರಾತ್ರಿ 9:25

ಎರಡು ದಿನ ಏನೂ ಬರೀಲಿಲ್ಲ, ಮಾಡಿ ನೋಡಿ ಬರೆಯೋಣ ಅಂತ.

ಮೇಷ್ಟ್ರು ಹೇಳಿದಂಗೆ ಮೊಬೈಲನ್ನ ಡಸ್ಟರ್ ಪಕ್ಕ ಇಟ್ಟು ಸೋಮವಾರ ರೆಕಾರ್ಡ್ ಮಾಡಿದೆ. ರಾತ್ರಿ ಪಾತ್ರೆ ತೊಳೀತಾ ಕೇಳಿದೆ. ನಾಚಿಕೆ ಆಗಿಹೋಯ್ತು. 40 ನಿಮಿಷದಲ್ಲಿ 23 ಪ್ರಶ್ನೆ ಕೇಳಿದೀನಿ. ಒಂದಕ್ಕೂ ಎರಡು ಸೆಕೆಂಡು ಕಾದಿಲ್ಲ. "ಜೀವಕೋಶದ ಹೊರಪದರ ಯಾವುದು, ಕೋಶಪೊರೆ ಅಲ್ವಾ, ಹಾಂ, ಕೋಶಪೊರೆ ಏನ್ ಮಾಡುತ್ತೆ ಅಂದ್ರೆ..." ಹಿಂಗೇ. ನಾನೇ ಕೇಳಿ, ನಾನೇ ಹೇಳಿ, ನಾನೇ ಶಹಭಾಸ್ ಅಂದ್ಕೊಂಡು ಮುಂದಕ್ಕೆ ಹೋಗಿದೀನಿ. ಮಕ್ಕಳು ಯಾಕೆ ಬಾಯಿ ಬಿಡ್ಬೇಕು?

ಗಣಿತದ ಗಿರಾಕಿ | ಬುಧವಾರ, ರಾತ್ರಿ 9:31

ಮಧ್ಯೆ ಬಾಯಿ ಹಾಕ್ತಿದೀನಿ. ನೀವೊಬ್ಬರೇ ಅಲ್ಲ. ಮೇರಿ ಬಡ್ ರೋವ್ ಅನ್ನೋ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳನ್ನ ಟೇಪ್ ಮಾಡಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತಾರೆ ಅಂತ ಅಳೆದಿದ್ರು. ಟೀಚರ್‌ಗಳು ಕಾಯ್ತಿದ್ದಿದ್ದು ಸರಾಸರಿ ಒಂದು ಸೆಕೆಂಡು. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಉತ್ತರ ಉದ್ದ ಆಗುತ್ತೆ, ಬಾಯಿ ಬಿಡೋ ಮಕ್ಕಳ ಸಂಖ್ಯೆ ಜಾಸ್ತಿ ಆಗುತ್ತೆ, "ಗೊತ್ತಿಲ್ಲ" ಅನ್ನೋದು ಕಮ್ಮಿ ಆಗುತ್ತೆ ಅಂತ ಕಂಡುಕೊಂಡ್ರು. ಈ ಅಂಕಿಗೆ ಬುಡ ಇದೆ. ಮುಂದುವರಿಸಿ ಮೇಡಂ.

ಆಲೂರು ಟೀಚರ್ | ಬುಧವಾರ, ರಾತ್ರಿ 9:50

ಮಂಗಳವಾರ ಅಭಿಸರಣೆ, ಅಂದ್ರೆ ಆಸ್ಮಾಸಿಸ್. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಆಲೂಗಡ್ಡೆ ಬೆಳೆಯೋ ಮನೆಯವರು. ಬೆಳಿಗ್ಗೆ ಅಡುಗೆ ಮನೆಯಿಂದ ಎರಡು ಗೆಡ್ಡೆ ಈಸ್ಕೊಂಡು ತೆಳ್ಳಗೆ ಬಿಲ್ಲೆ ಮಾಡಿ, ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ಚೆನ್ನಾಗಿ ಉಪ್ಪು ಕದಡಿದ ನೀರು ಹಾಕಿ ಮೇಜಿನ ಮೇಲಿಟ್ಟೆ. ಪುಸ್ತಕ ತೆಗೀಬೇಡಿ ಅಂದೆ. "ಊಟ ಮುಗಿಸಿ ಬರೋ ಹೊತ್ತಿಗೆ ಯಾವ ಲೋಟದ್ದು ಮೆತ್ತಗಾಗಿರುತ್ತೆ? ಯಾಕೆ? ಒಂದ್ ಸಾಲು ಬರೆದಿಟ್ಟು ಊಟಕ್ಕೆ ಹೋಗಿ."

ಹೆಚ್ಚು ಕಮ್ಮಿ ಎಲ್ಲರೂ ಬರೀ ನೀರಿಂದು ಅಂತ ಬರೆದಿದ್ರು. ಯಾಕೆ ಅಂದ್ರೆ "ಅವರೆಕಾಳು ನೆನೆಹಾಕಿದ್ರೆ ಮೆತ್ತಗಾಗುತ್ತಲ್ಲ ಮಿಸ್". ತಪ್ಪು ಉತ್ತರ, ಆದ್ರೆ ಎಷ್ಟು ಸರಿಯಾದ ಕಾರಣ ನೋಡಿ! ನಾನು ಮೂರು ವರ್ಷದಿಂದ ಇದೇ ಪಾಠ ಮಾಡ್ತಿದೀನಿ, ಮಕ್ಕಳ ತಲೇಲಿ ಅವರೆಕಾಳು ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

ಊಟ ಆಗಿ ಬಂದಾಗ ಯಾರೂ ಆಕಳಿಸ್ಲಿಲ್ಲ, ನೇರ ಮೇಜಿನ ಹತ್ರ ಬಂದ್ರು. ಬರೀ ನೀರಿನ ಬಿಲ್ಲೆ ಟಕ್ ಅಂತ ಮುರೀತು. ಉಪ್ಪುನೀರಿಂದು ಒದ್ದೆ ಚರ್ಮದ ಥರ ಬಗ್ಗುತ್ತೆ, ಮುರಿಯಲ್ಲ. "ಯಾಕೆ?" ಅಂದು ಬಾಯಿ ಮುಚ್ಕೊಂಡೆ. ಒಳಗೊಳಗೇ ಎಣಿಸ್ತಿದ್ದೆ. ನಾಲ್ಕು, ಐದು, ಆರು... ಅಷ್ಟು ಹೊತ್ತು ಸುಮ್ಮನಿರೋದು ಎಷ್ಟು ಕಷ್ಟ ಅಂತ ಆವಾಗ್ಲೇ ಗೊತ್ತಾಗಿದ್ದು, ನಾಲಿಗೆ ತುದೀಲಿ ಉತ್ತರ ಕುಣೀತಿತ್ತು. ಎಂಟಕ್ಕೋ ಒಂಬತ್ತಕ್ಕೋ ಒಬ್ಬಳು ನಿಧಾನಕ್ಕೆ, "ಮಿಸ್, ನಮ್ಮಜ್ಜಿ ಮಾವಿನಕಾಯಿಗೆ ಉಪ್ಪು ಹಾಕಿಟ್ರೆ ನೀರು ಬಿಟ್ಕೊಳ್ಳುತ್ತೆ. ಇದೂ ನೀರು ಬಿಟ್ಕೊಂಡಿರ್ಬೇಕು" ಅಂದ್ಲು. ಅಲ್ಲಿಂದ ಒಬ್ಬರ ಮೇಲೊಬ್ಬರು. ಸತ್ತ ಕಾಳು ನೀರು ಕುಡಿದು ಉಬ್ಬೋದಕ್ಕೂ ಹಸಿ ಗೆಡ್ಡೆಗೂ ಏನು ವ್ಯತ್ಯಾಸ ಅಂತ ಒಬ್ಬ ಕೇಳಿದ. "ಅವರೆಕಾಳು ಸತ್ತಿದೆಯಾ? ಹಂಗಾದ್ರೆ ಮೊಳಕೆ ಹೆಂಗ್ ಬರುತ್ತೆ?" ಅಂತ ಇನ್ನೊಬ್ಬ ಅವನ ಮೇಲೆ ಬಿದ್ದ. ಅದಕ್ಕೆ ನನ್ನ ಹತ್ರ ಆ ಕ್ಷಣಕ್ಕೆ ನೀಟಾದ ಉತ್ತರ ಇರ್ಲಿಲ್ಲ. ನೋಡ್ಕೊಂಡು ಬಂದು ಹೇಳ್ತೀನಿ ಅಂದೆ.

ಇವತ್ತು ಬುಧವಾರ ಮತ್ತೆ ಹಳೇ ಕಥೆ. ಅಂಗಾಂಶ ಪಾಠ, ಮಾಡೋಕೆ ಏನೂ ಸಿಗಲಿಲ್ಲ, ನಾನೇ ಮಾತಾಡಿದೆ, ಅವರು "ಆಯ್ತೂ ಮಿಸ್" ಅಂದ್ರು. ಒಂದೇ ಸಮಾಧಾನ ಅಂದ್ರೆ ಹಿಂದಿನ ಬೆಂಚಿಂದ ಒಬ್ಬ "ಮಿಸ್, ಅವರೆಕಾಳಿಂದು ನೋಡಿದ್ರಾ?" ಅಂತ ಕೇಳಿದ.

ಪೋಷಕರೇ, ನಿಮ್ಮ ಲೆಕ್ಕಕ್ಕೆ: ಒಂದು ಪೀರಿಯಡ್ ಹಿಂದೆ ಬಿದ್ದಿದೀನಿ.

ಕೊನೇ ಬೆಂಚು | ಬುಧವಾರ, ರಾತ್ರಿ 9:58

"ನೋಡ್ಕೊಂಡು ಬಂದು ಹೇಳ್ತೀನಿ" ಅಂದ್ರಲ್ಲ ಮಿಸ್. ನನಗೆ ಹೈಸ್ಕೂಲಲ್ಲಿ ಒಬ್ಬರೇ ಸರ್ ಹಂಗ್ ಅಂದಿದ್ದು, ಮಾರನೇ ದಿನ ಮರೀದೆ ಹೇಳಿದ್ರು ಕೂಡ. ಅವರ ಕ್ಲಾಸಿಗೆ ಮಾತ್ರ ನಾನು ಮುಂದಿನ ಬೆಂಚಿಗೆ ಹೋಗ್ತಿದ್ದೆ. ಅವರೆಕಾಳು ಮರೀಬೇಡಿ.

ಪೋಷಕ, ಹಾಸನ | ಬುಧವಾರ, ರಾತ್ರಿ 10:06

ಒಂದು ಪೀರಿಯಡ್ ಹೋಗ್ಲಿ ಬಿಡಿ. ಮಗಳು ಈಗ ಅಡುಗೆ ಮನೇಲಿ ಆಲೂಗಡ್ಡೆ ಹೆಚ್ಚಿ ಎರಡು ಲೋಟ ಇಟ್ಟಿದ್ದಾಳೆ. ನಾಳೆ ಪಲ್ಯಕ್ಕೆ ಇಟ್ಟಿದ್ದ ಗೆಡ್ಡೆ ಅಂತ ಅವರಮ್ಮ ಬೈತಾ ಇದ್ದಾರೆ.

ಮಳೆ ಮೇಡಂ | ಬುಧವಾರ, ರಾತ್ರಿ 10:11

ಅಂಗಾಂಶಕ್ಕೆ ಈರುಳ್ಳಿ ಸಿಪ್ಪೆ ಇದೆಯಲ್ಲ ಮಾರಾಯ್ತಿ, ಸೂಕ್ಷ್ಮದರ್ಶಕ ನಿಮ್ಮಲ್ಲಿ ಉಂಟಾ?

ಆಲೂರು ಟೀಚರ್ | ಬುಧವಾರ, ರಾತ್ರಿ 10:15

ಒಂದಿದೆ. ಬೀರುವಿನ ಬೀಗದ ಕೈ ಯಾರ ಹತ್ರ ಇದೆ ಅಂತ ನಾಳೆ ಹುಡುಕ್ಬೇಕು.

ನಿವೃತ್ತ ಮೇಷ್ಟ್ರೇ, ಒಂದು ಕೇಳ್ಲಾ? ನಮ್ಮ ಸಮಾಜ ವಿಜ್ಞಾನ ಸರ್ ಕ್ಲಾಸಲ್ಲಿ ನಾಳೆ ಕೂರ್ತೀನಿ, ಒಪ್ಪಿದ್ದಾರೆ. ಆದ್ರೆ ನನ್ನ ಕ್ಲಾಸಲ್ಲಿ ಕೂತು ಮಕ್ಕಳ ಮುಖ ನೋಡೋರು ಯಾರೂ ಇಲ್ಲ. ನಿಮಗೆ ಅರಕಲಗೂಡಿಂದ ಬರೋಕೆ ತೊಂದರೆ ಆಗದಿದ್ರೆ...

ನಿವೃತ್ತ ಮೇಷ್ಟ್ರು | ಗುರುವಾರ, ಬೆಳಿಗ್ಗೆ 5:55

ಬರ್ತೀನಿ ಕಣಮ್ಮ. ಮನೇಲಿ ಕೂತು ಪೇಪರ್ ಎರಡು ಸಲ ಓದ್ತಿದೀನಿ. ಶುಕ್ರವಾರ ಬೇಡ, ಶನಿವಾರ ಅರ್ಧ ದಿನ, ಅದೂ ಬೇಡ. ಸೋಮವಾರ ಊಟದ ಹೊತ್ತಿಗೆ ಬರ್ತೀನಿ. ಹೆಡ್‌ಮಾಸ್ಟರ್ ಹತ್ರ ಮೊದಲೇ ಹೇಳಿಡಿ, ಮಕ್ಕಳಿಗೆ ಮಾತ್ರ ಯಾರೋ ದೊಡ್ಡವರು ಬರ್ತಾರೆ ಅಂತ ಹೇಳ್ಬೇಡಿ. ಹಿಂದಿನ ಬೆಂಚಲ್ಲಿ ಗೋಡೆ ಕಡೆ ಜಾಗ ಇಟ್ಟಿರಿ, ಮಂಡಿ ನೋವು, ಕಾಲು ಚಾಚ್ಕೋಬೇಕು.